ತಾಲ್ಲೂಕು ಕೋರ್ಟಿನ ಜೂನಿಯರ್ ದಿನಗಳು

ವಕೀಲಿ ವೃತ್ತಿಗೆ ಬಂದ ಹೊಸಬರು ತಮ್ಮ ಬಗ್ಗೆ ತಾವೇ ಹೇಳಿಕೊಂಡು ಓಡಾಡುವಂತಿಲ್ಲ. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಡತೆಯ ನಿಯಮಗಳಲ್ಲಿ 36ನೆಯದು ಜಾಹೀರಾತು, ಸುತ್ತೋಲೆ, ದಲ್ಲಾಳಿಗಳ ಮೂಲಕ ಕೇಸು ಹಿಡಿಯುವುದು ಎಲ್ಲವನ್ನೂ ನಿಷೇಧಿಸುತ್ತದೆ. ಬಾಗಿಲಿಗೆ ತೂಗುಹಾಕುವ ಹೆಸರಿನ ಹಲಗೆ ಕೂಡ ಮಿತವಾದ ಅಳತೆಯದಾಗಿರಬೇಕು, ಇಂಥ ಬಗೆಯ ಮೊಕದ್ದಮೆಗಳಲ್ಲಿ ಪರಿಣತರೆಂದು ಅದರ ಮೇಲೆ ಬರೆಸಬಾರದು. ಹೀಗಾಗಿ 1990ರ ದಶಕದಲ್ಲಿ ಕಾನೂನು ಪದವಿ ಮುಗಿಸಿ, ಬೆಂಗಳೂರಿನಲ್ಲಿ ರಾಜ್ಯ ವಕೀಲರ ಪರಿಷತ್ತಿನಿಂದ ಸನ್ನದು ಪಡೆದು, ತಮ್ಮೂರ ಕೋರ್ಟಿಗೆ ಬಂದು ನಿಂತವರಿಗೆ ಇದ್ದ ದಾರಿ ಒಂದೇ. ಅವರ ಹೆಸರನ್ನು ಬೇರೆ ಯಾರಾದರೂ ಹೇಳಬೇಕು. ಯಾರು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಎಂಬುದು ಅರ್ಥವಾಗಲು ನಾಲ್ಕಾರು ವರ್ಷ ಹಿಡಿಯುತ್ತಿತ್ತು.

ತಾಲ್ಲೂಕು ಕೇಂದ್ರದ ಕೋರ್ಟು ಆಗ ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತಿತ್ತು. ಹೆಂಚಿನ ಕಟ್ಟಡ, ಮುಂದೆ ಉದ್ದದ ಜಗಲಿ, ಮರದ ಕೆಳಗೆ ಟೈಪಿಸ್ಟರು, ಛಾಪಾ ಕಾಗದ ಮಾರುವವರ ಮೇಜು, ಗೇಟಿನಾಚೆ ಒಂದು ಹೋಟೆಲು. ಮುನ್ಸಿಫ್ ಹುದ್ದೆಗೆ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರೆಂಬ ಹೆಸರು ಬಂದ ಮೇಲೂ ಜನರ ಬಾಯಲ್ಲಿ ಅದು ಮುನ್ಸಿಫ್ ಕೋರ್ಟೇ. ಸಿವಿಲ್ ದಾವೆಗೂ ಕ್ರಿಮಿನಲ್ ಕೇಸಿಗೂ ಅವರೊಬ್ಬರೇ ನ್ಯಾಯಾಧೀಶರು. ವಕೀಲರೆಲ್ಲ ಒಂದು ಬಾರ್ ರೂಮಿನಲ್ಲಿ ಹಿಡಿಸುತ್ತಿದ್ದರು. ಇವತ್ತು ಎದುರಾಳಿಯಾದವರು ನಾಳೆ ಇನ್ನೊಂದು ಕೇಸಿನಲ್ಲಿ ಪಕ್ಕದ ಕುರ್ಚಿಯಲ್ಲಿರುತ್ತಿದ್ದರು, ನಾಡಿದ್ದು ಮತ್ತೆ ಎದುರಿಗೆ. ದೊಡ್ಡ ಊರಿನಲ್ಲಿ ಒಬ್ಬರ ಹತ್ತಿರ ಕೆಟ್ಟರೆ ಇನ್ನೊಬ್ಬರು ಸಿಗುತ್ತಾರೆ. ಇಲ್ಲಿ ಅದೇ ಇಪ್ಪತ್ತು ಮೂವತ್ತು ಮುಖಗಳ ಜೊತೆ ಇಡೀ ವೃತ್ತಿ ಕಳೆಯಬೇಕಿತ್ತು.

ಮೊದಲ ನಂಟು ಹಿರಿಯ ವಕೀಲರ ಆಫೀಸಿನದು. ಅದಕ್ಕೆ ಕಾನೂನಿನ ಒತ್ತಾಯವೇನೂ ಇರಲಿಲ್ಲ. ಕಾಯ್ದೆಯಲ್ಲಿ ಮೊದಲಿಗೆ ಇದ್ದ ಪ್ರಾಯೋಗಿಕ ತರಬೇತಿಯ ಷರತ್ತನ್ನು 1973ರ ತಿದ್ದುಪಡಿ ತೆಗೆದುಹಾಕಿತ್ತು. 1995ರಲ್ಲಿ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿಯನ್ನು ನಿಯಮದ ರೂಪದಲ್ಲಿ ಮತ್ತೆ ತಂದಾಗ, ಅದು ಪರಿಷತ್ತಿನ ಅಧಿಕಾರ ಮೀರಿದ್ದೆಂದು ಸುಪ್ರೀಂ ಕೋರ್ಟ್ 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ರದ್ದುಮಾಡಿತು. ಕಾಗದದ ಮೇಲೆ ನೋಡಿದರೆ ಸನ್ನದು ಸಿಕ್ಕ ಮರುದಿನವೇ ಯಾರು ಬೇಕಾದರೂ ಸ್ವತಂತ್ರವಾಗಿ ವಕಾಲತ್ತು ಹಾಕಬಹುದಿತ್ತು. ಹಾಗೆ ಹಾಕುವ ಧೈರ್ಯ ಮಾಡಿದವರು ಕಡಿಮೆ. ಕಾಲೇಜಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ ಓದಿದವರಿಗೆ ಒಂದು ವಾದಪತ್ರವನ್ನು ಯಾವ ಮೇಜಿಗೆ ಕೊಡಬೇಕೆಂಬುದು ಗೊತ್ತಿರುತ್ತಿರಲಿಲ್ಲ.

ಕಲಿಸುವುದಕ್ಕೆ ಹಿರಿಯರು ಹಣ ಕೇಳುವುದು ಸಲ್ಲದು ಎಂದು 45ನೆಯ ನಿಯಮ ಹೇಳುತ್ತದೆ. ಕೆಲಸ ಮಾಡುವ ಕಿರಿಯರಿಗೆ ಇಂತಿಷ್ಟು ಕೊಡಬೇಕೆಂದು ಆಗ ಯಾರೂ ಹೇಳಿರಲಿಲ್ಲ. ಬಸ್ ಚಾರ್ಜು, ಮಧ್ಯಾಹ್ನದ ಊಟ, ಹಬ್ಬಕ್ಕೊಂದು ಜೊತೆ ಬಟ್ಟೆ, ಕೇಸು ಗೆದ್ದ ಕಕ್ಷಿದಾರ ಖುಷಿಯಿಂದ ಜೇಬಿಗೆ ತುರುಕಿದ ನೋಟು, ಇಷ್ಟೇ ವರಮಾನ. ಈ ಪದ್ಧತಿಯನ್ನು ಗುರುಶಿಷ್ಯ ಪರಂಪರೆಯೆಂದು ಹೊಗಳುವವರಿದ್ದಾರೆ. ಮನೆಯಲ್ಲಿ ತೋಟವೋ ಅಪ್ಪನ ಸಂಬಳವೋ ಇದ್ದವರಷ್ಟೇ ಈ ಪರಂಪರೆಯಲ್ಲಿ ತಾಳಿ ನಿಲ್ಲಲು ಸಾಧ್ಯವಾಯಿತೆಂಬುದು ಆ ಹೊಗಳಿಕೆಯಲ್ಲಿ ಬರುವುದಿಲ್ಲ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿದ್ದು 2024ರ ಅಕ್ಟೋಬರಿನಲ್ಲಿ. ಅದೂ ಶಿಫಾರಸು.

ಆಫೀಸಿನಲ್ಲಿ ಜೂನಿಯರ್‌ನ ಮೊದಲ ಕೆಲಸ ಡೈರಿ ಬರೆಯುವುದು. ಈ ದಿನ ಯಾವ ಕೇಸು, ಯಾವ ಹಂತ, ಮುಂದಿನ ವಾಯಿದೆ ಯಾವತ್ತು. ನೋಡಲು ಗುಮಾಸ್ತಿಕೆಯಂತೆ ಕಾಣುವ ಈ ಕೆಲಸದಿಂದ ಊರಿನ ವ್ಯಾಜ್ಯಗಳ ನಕ್ಷೆಯೇ ತಲೆಯಲ್ಲಿ ಕೂರುತ್ತಿತ್ತು. ಹಿರಿಯರು ಸ್ನಾನ, ಪೂಜೆ ಮುಗಿಸಿ ಬರುವವರೆಗೆ ಬೆಳಗಿನ ಬಸ್ಸಿಗೆ ಬಂದ ಕಕ್ಷಿದಾರರು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಅವರ ಕಷ್ಟವನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ಇದ್ದದ್ದು ಜೂನಿಯರ್‌ಗೆ ಮಾತ್ರ. ಹಿರಿಯರ ಮುಂದೆ ಎರಡು ಮಾತಿನಲ್ಲಿ ಮುಗಿಸುವ ವಿಷಯವನ್ನು ಬೆಂಚಿನ ಮೇಲೆ ಅರ್ಧ ಗಂಟೆ ಹೇಳುತ್ತಿದ್ದರು. ಅದರಲ್ಲಿ ಮುಕ್ಕಾಲು ಭಾಗ ಕೇಸಿಗೆ ಬೇಡದ್ದು, ಉಳಿದ ಕಾಲು ಭಾಗ ಫೈಲಿನಲ್ಲಿ ಎಲ್ಲೂ ಇಲ್ಲದ್ದು.

ಕಾನೂನನ್ನು ಹಿರಿಯರು ಕಲಿಸಿದರೆ, ಕೋರ್ಟನ್ನು ಕಲಿಸುತ್ತಿದ್ದವರು ಆಫೀಸಿನ ಗುಮಾಸ್ತರು. 1958ರ ನ್ಯಾಯಾಲಯ ಶುಲ್ಕ ಕಾಯ್ದೆಯ ಲೆಕ್ಕ ಅವರ ಬಾಯಲ್ಲಿತ್ತು. ಪಾಲು ದಾವೆಗೆ ಎಷ್ಟು ಸ್ಟ್ಯಾಂಪು, ಘೋಷಣೆ ಕೇಳಿದರೆ ಎಷ್ಟು, ನೋಟಿಸಿಗೆ ಪ್ರೊಸೆಸ್ ಫೀ ಕಟ್ಟಲು ಕೊನೆಯ ದಿನ ಯಾವುದು, ದೃಢೀಕೃತ ನಕಲಿಗೆ ಅರ್ಜಿ ಯಾವಾಗ ಕೊಟ್ಟರೆ ಬೇಗ ಸಿಗುತ್ತದೆ, ಎಲ್ಲವೂ. ಕರಿಕೋಟು ಹಾಕಿದ ಗತ್ತಿನಲ್ಲಿ ಗುಮಾಸ್ತರನ್ನು ಹೆಸರು ಹಿಡಿದು ಕೂಗಿದ ಜೂನಿಯರ್‌ಗೆ ಇವು ಯಾವುವೂ ದಕ್ಕುತ್ತಿರಲಿಲ್ಲ. ಅವರೇನೂ ಅಡ್ಡಿ ಮಾಡುತ್ತಿರಲಿಲ್ಲ, ಹೇಳದೆ ಸುಮ್ಮನಿರುತ್ತಿದ್ದರು. ಅರ್ಜಿ ಆಕ್ಷೇಪಣೆಯಾಗಿ ಹಿಂದೆ ಬರುವವರೆಗೂ ಸುಮ್ಮನಿರುತ್ತಿದ್ದರು.

ಕೋರ್ಟಿನ ಸಿಬ್ಬಂದಿಯ ವಿಷಯ ಸೂಕ್ಷ್ಮ. ಶಿರಸ್ತೇದಾರರು, ಬೆಂಚ್ ಕ್ಲರ್ಕು, ನಕಲು ಶಾಖೆಯವರು, ಸಮನ್ಸು ಜಾರಿಗೆ ಹೋಗುವ ಅಮೀನರು, ಇವರ ಕೈಯಲ್ಲಿ ಹಾದುಹೋಗದ ಕಾಗದವಿಲ್ಲ. ಹಳಬರಲ್ಲಿ ಕೆಲವರು ಹೊಸಬರಿಗೆ ಕೊಡುತ್ತಿದ್ದ ಉಪದೇಶ ಮಾಮೂಲು ಕೊಟ್ಟು ಪರಿಚಯ ಮಾಡಿಕೊಳ್ಳಿ ಎಂಬುದು. ಕಾಸು ಕೊಟ್ಟು ಆದ ಪರಿಚಯ ಆ ಮೇಜಿಗೆ ಇನ್ನೊಬ್ಬರು ವರ್ಗವಾಗಿ ಬಂದ ದಿನ ಮುಗಿಯುತ್ತಿತ್ತು, ಹೊಸಬರಿಗೆ ಹೊಸ ಲೆಕ್ಕ. ಇನ್ನೊಂದು ದಾರಿ ನಿಧಾನದ್ದು. ಅರ್ಜಿಯನ್ನು ತಪ್ಪಿಲ್ಲದೆ ತಯಾರಿಸುವುದು, ಪುಟಗಳಿಗೆ ಸಂಖ್ಯೆ ಹಾಕುವುದು, ಪಟ್ಟಿಯ ಪ್ರಕಾರ ದಾಖಲೆ ಜೋಡಿಸುವುದು, ಕಚೇರಿ ಮುಚ್ಚುವ ಹೊತ್ತಿಗೆ ಓಡಿಬಂದು ಅವಸರ ಮಾಡದಿರುವುದು. ಮೇಜಿನಾಚೆಯವರ ಕೆಲಸವನ್ನು ಹಗುರ ಮಾಡಿಕೊಟ್ಟವರ ಫೈಲು ತಾನಾಗಿ ಮುಂದೆ ಸಾಗುತ್ತಿತ್ತು. ಸಿಬ್ಬಂದಿ ಬೇರೆ ತಾಲ್ಲೂಕಿಗೆ ವರ್ಗವಾದಾಗ ಅಲ್ಲಿಯೂ ಈ ಹೆಸರು ಒಳ್ಳೆಯ ರೀತಿಯಲ್ಲಿ ಹೋಗಿ ತಲುಪುತ್ತಿತ್ತು.

ಇಷ್ಟೆಲ್ಲ ಇದ್ದರೂ ಕಿರಿಯ ವಕೀಲರ ಬೆಳವಣಿಗೆಯನ್ನು ನಿರ್ಧರಿಸುತ್ತಿದ್ದುದು ಎದುರು ಪಕ್ಷದ ವಕೀಲರ ಜೊತೆಗಿನ ನಂಟು. ಹೊಸಬರಿಗೆ ಇದು ತಲೆಕೆಳಗಾದ ಮಾತಿನಂತೆ ಕಾಣುತ್ತದೆ. ಕಕ್ಷಿದಾರರನ್ನು ಸಂತೋಷಪಡಿಸಿದರೆ ಅವರು ಇನ್ನಿಬ್ಬರನ್ನು ಕಳಿಸುತ್ತಾರೆ ಎಂದೇ ಎಲ್ಲರೂ ಎಣಿಸುವುದು. ಆದರೆ ಹಳ್ಳಿಯ ಕಕ್ಷಿದಾರನಿಗೆ ಜೀವಮಾನಕ್ಕೆ ಒಂದೋ ಎರಡೋ ಕೇಸು. ಎದುರಿನ ಮೇಜಿನಲ್ಲಿ ಕುಳಿತವರು ಮಾತ್ರ ದಿನವೂ ನೋಡುತ್ತಿರುತ್ತಾರೆ: ಯಾರು ಓದಿಕೊಂಡು ಬರುತ್ತಾರೆ, ಯಾರು ಆಡಿದ ಮಾತಿಗೆ ನಿಲ್ಲುತ್ತಾರೆ, ಯಾರು ದಾಖಲೆ ಮುಚ್ಚಿಡುತ್ತಾರೆ.

ಬೆಳಿಗ್ಗೆ 11ಕ್ಕೆ ಕೇಸು ಕೂಗುವ ಹೊತ್ತು. ಹಿರಿಯರು ಜಿಲ್ಲಾ ಕೋರ್ಟಿಗೆ ಹೋಗಿದ್ದಾರೆ, ಫೈಲು ಜೂನಿಯರ್ ಕೈಯಲ್ಲಿದೆ. ಆ ದಿನ ಇರುವುದು ಎದುರು ಕಡೆಯ ಸಾಕ್ಷಿಯ ಪಾಟಿ ಸವಾಲು. ಸಾಕ್ಷಿ ಒಬ್ಬ ಮುದುಕ, ಬೆಳಗಿನ ಮೊದಲ ಬಸ್ಸು ಹಿಡಿದು ಬಂದು ಜಗಲಿಯ ಕಂಬಕ್ಕೆ ಒರಗಿದ್ದಾನೆ. ಇಂಥ ಹೊತ್ತಿನಲ್ಲಿ ಎರಡು ಬಗೆಯ ಜೂನಿಯರ್‌ಗಳು ಕಾಣುತ್ತಿದ್ದರು. ಒಬ್ಬ ಎದ್ದು ನಿಂತು, ಸೀನಿಯರ್‌ಗೆ ಮೈ ಹುಷಾರಿಲ್ಲ ಸ್ವಾಮಿ, ಸಮಯ ಕೊಡಬೇಕು ಎನ್ನುತ್ತಿದ್ದ. ಸಮಯ ಸಿಗುತ್ತಿತ್ತು. ಸಂಜೆ ಜಿಲ್ಲಾ ಕೇಂದ್ರದಿಂದ ಬಂದ ಬಸ್ಸಿನಿಂದ ಸೀನಿಯರ್ ಇಳಿಯುವುದನ್ನು ಅರ್ಧ ಬಾರ್ ರೂಮೇ ನೋಡುತ್ತಿತ್ತು. ಇನ್ನೊಬ್ಬ ಹತ್ತೂವರೆಗೇ ಎದುರು ವಕೀಲರನ್ನು ಹುಡುಕಿಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ: ಸೀನಿಯರ್ ಅಲ್ಲಿದ್ದಾರೆ, ಮೂರಕ್ಕೆ ಬರುತ್ತಾರೆ, ಬರದಿದ್ದರೆ ಪಾಟಿ ಸವಾಲು ನಾನೇ ಮಾಡುತ್ತೇನೆ, ಮುದುಕರನ್ನು ಇನ್ನೊಂದು ಸಲ ಬರುವಂತೆ ಮಾಡುವುದಿಲ್ಲ. ಕೇಸು ಕೂಗಿದಾಗ ಎದುರು ವಕೀಲರೇ ಎದ್ದು, ಮಧ್ಯಾಹ್ನಕ್ಕೆ ಇಟ್ಟರೆ ನಮ್ಮ ಅಭ್ಯಂತರವಿಲ್ಲ ಎಂದು ಮುಗಿಸುತ್ತಿದ್ದರು. ಮೂರಕ್ಕೆ ಸೀನಿಯರ್ ಬರದೇ ಹೋಗುವುದೂ ಇತ್ತು. ಆಗ ಕೈಕಾಲು ನಡುಗುತ್ತಿದ್ದರೂ ಎದ್ದು ನಿಂತು ಪ್ರಶ್ನೆ ಕೇಳಲೇಬೇಕು. ಅನೇಕರ ಮೊದಲ ಪಾಟಿ ಸವಾಲು ಆದದ್ದು ಹೀಗೆ.

ಪರಸ್ಪರ ನಂಬಿಕೆ ಬೇಕಾದ ಕಡೆಗಳಲ್ಲಿ ನಿಯಮಗಳೂ ಇವೆ. ಒಬ್ಬ ವಕೀಲರು ಇರುವ ಕೇಸಿಗೆ ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ವಕಾಲತ್ತು ಹಾಕುವಂತಿಲ್ಲ ಎಂಬುದು 39ನೆಯದು. ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ಕೋರ್ಟಿನ ಅನುಮತಿ ಪಡೆಯಬೇಕು. ಎದುರು ಪಕ್ಷಕ್ಕೆ ವಕೀಲರಿದ್ದರೆ ವ್ಯಾಜ್ಯದ ವಿಷಯವನ್ನು ಆ ವಕೀಲರ ಮೂಲಕವೇ ಮಾತಾಡಬೇಕು, ನೇರವಾಗಿ ಕಕ್ಷಿದಾರನ ಜೊತೆಯಲ್ಲ ಎಂಬುದು 34ನೆಯದು. ನಿಯಮದಲ್ಲಿ ಬರೆಯದ ವಿಷಯಗಳು ಇನ್ನೂ ಹೆಚ್ಚು. ಗೈರುಹಾಜರಿಯಿಂದ ವಜಾ ಆದ ದಾವೆಯನ್ನು ಮತ್ತೆ ಕಡತಕ್ಕೆ ತರಿಸಲು 30 ದಿನಗಳೊಳಗೆ ಅರ್ಜಿ ಹಾಕಬೇಕು. ಬಸ್ಸು ಕೆಟ್ಟು ನಿಂತು ಹೊಸಬನ ದಾವೆ ವಜಾ ಆಗಿದ್ದರೆ, ಎದುರಿನವರು ಆ ಅರ್ಜಿಗೆ ಆಕ್ಷೇಪಣೆ ಹಾಕಿ ತಿಂಗಳುಗಟ್ಟಲೆ ಎಳೆಯಬಹುದು, ಇಲ್ಲವೇ ತಕರಾರಿಲ್ಲ ಎಂದು ಅಂದೇ ಮುಗಿಸಬಹುದು. ಯಾವುದು ಆಗುತ್ತದೆಂಬುದು ಆ ಹೊಸಬ ಹಿಂದಿನ ವರ್ಷ ಹೇಗೆ ನಡೆದುಕೊಂಡಿದ್ದ ಎಂಬುದರ ಮೇಲೆ ನಿಂತಿರುತ್ತಿತ್ತು.

ಎದುರು ಮೇಜಿನಿಂದ ಕೇಸು ಬರುವುದು ಹೇಗೆಂಬುದಕ್ಕೆ ಪಾಲು ದಾವೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಆ ದಿನಕ್ಕೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟಿತು. ಅಂಥ ಮಗಳೊಬ್ಬಳು ದಾವೆ ಹೂಡಿದಳೆನ್ನಿ. ಪ್ರತಿವಾದಿಗಳು ನಾಲ್ವರು: ಹಿರಿಯಣ್ಣ, ಕಿರಿಯಣ್ಣ, ವಿಧವೆ ತಾಯಿ, ಹಿರಿಯಣ್ಣನಿಂದ ಎರಡು ಎಕರೆ ಕೊಂಡ ನೆರೆಯವನು. ಸಮನ್ಸು ಬಂದಾಗ ನಾಲ್ವರೂ ಒಂದೇ ಜೀಪಿನಲ್ಲಿ ಊರಿನ ದೊಡ್ಡ ವಕೀಲರ ಆಫೀಸಿಗೆ ಬರುತ್ತಾರೆ. ಕಾಗದ ಓದಿದ ವಕೀಲರಿಗೆ ನಾಲ್ವರ ಹಿತ ಒಂದೇ ಅಲ್ಲವೆಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮಾರಾಟವನ್ನು ಕಿರಿಯಣ್ಣ ಒಪ್ಪುವುದಿಲ್ಲ. ತಾಯಿಗೆ ತನ್ನದೇ ಪಾಲಿದೆ. ವಕೀಲರು ಹಿರಿಯಣ್ಣನನ್ನು ಇಟ್ಟುಕೊಂಡು ಉಳಿದವರನ್ನು ಬೇರೆ ಬೇರೆ ವಕೀಲರ ಹತ್ತಿರ ಕಳಿಸುತ್ತಾರೆ. ತಾಯಿಗೆ ಹೇಳುತ್ತಾರೆ, ಆ ಹೊಸ ಹುಡುಗ ಇದ್ದಾನಲ್ಲ, ಅವನ ಹತ್ತಿರ ಹೋಗಿ.

ಹೊಸ ಹುಡುಗನ ಮೊದಲ ಸ್ವಂತ ವಕಾಲತ್ತು ಬಹಳ ಸಲ ಇದೇ. ಕಳಿಸಿದವರ ಮನಸ್ಸು ಪೂರ್ತಿ ನಿರ್ಮಲವಾಗಿರುತ್ತಿತ್ತು ಎನ್ನಲಾಗದು. ಹುಡುಗ ಹೇಳಿದ ಹಾಗೆ ಕೇಳುತ್ತಾನೆ, ಒಂದು ಸಾಲಿನ ತಕರಾರು ಹಾಕಿ ಸುಮ್ಮನಿರುತ್ತಾನೆ ಎಂಬ ಲೆಕ್ಕವೂ ಅದರಲ್ಲಿ ಸೇರಿರುತ್ತಿತ್ತು. ತಾಯಿಯ ಪಾಲನ್ನು ಬಿಡದೆ ಕೇಳಿದರೆ ಹಿರಿಯಣ್ಣನಿಗೆ ಉಳಿಯುವುದು ಅಷ್ಟು ಕಡಿಮೆ. ಕೇಸು ಕಳಿಸಿದ ಹಿರಿಯರ ದಾಕ್ಷಿಣ್ಯ ಒಂದು ಕಡೆ, ಹೆಬ್ಬೆಟ್ಟು ಒತ್ತಿ ಹೋದ ಮುದುಕಿಯ ಹಕ್ಕು ಇನ್ನೊಂದು ಕಡೆ. ದಾಕ್ಷಿಣ್ಯಕ್ಕೆ ಬಿದ್ದವರಿಗೆ ಅದೇ ಬಗೆಯ ಕೇಸುಗಳು ಬರುತ್ತಲೇ ಹೋದವು, ಬೇರೆಯವು ಬರಲಿಲ್ಲ. ತಾಯಿಯ ಪಾಲನ್ನು ಸ್ಪಷ್ಟವಾಗಿ ಬರೆದು ತಕರಾರು ಹಾಕಿದವರ ಮೇಲೆ ಹಿರಿಯರು ಮುನಿಸಿಕೊಂಡದ್ದೂ ಉಂಟು, ಬಾರ್ ರೂಮಿನಲ್ಲಿ ಮಾತು ಬಿಟ್ಟದ್ದೂ ಉಂಟು. ಆದರೆ ಅದೇ ಹಿರಿಯರು ತಮ್ಮ ಹತ್ತಿರದ ನೆಂಟರ ಕೇಸಿಗೆ, ತಾವು ಹಾಜರಾಗಲು ಮುಜುಗರವಿದ್ದಾಗ, ಆ ಹುಡುಗನನ್ನೇ ನೆನೆಸಿಕೊಳ್ಳುತ್ತಿದ್ದರು. ಅವರಿಗೆ ಆಗ ಬೇಕಿದ್ದವನು ಯಾರ ಮಾತಿಗೂ ಬಾಗದ ವಕೀಲ.

ನ್ಯಾಯಾಧೀಶರ ಜೊತೆ ವಕೀಲರಿಗೆ ನಂಟು ಇರಬಾರದು, ಇದ್ದರೆ ಅದು ಅನುಮಾನಕ್ಕೆ ಎಡೆ. ಆದರೂ ಅವರು ಕಿರಿಯರನ್ನು ಗುರುತಿಸಲು ಕಾನೂನೇ ಒಪ್ಪಿದ ಒಂದು ದಾರಿಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದಡಿ ಸ್ಥಳ ತನಿಖೆಗೆ ಕಮಿಷನರನ್ನು ನೇಮಿಸಬಹುದು, ತಾಲ್ಲೂಕು ಕೋರ್ಟುಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಕಿರಿಯ ವಕೀಲರಿಗೆ ಬರುತ್ತಿತ್ತು. ಎರಡು ಅಡಿಕೆ ತೋಟಗಳ ನಡುವಿನ ಬೇಲಿ ಸರಿದಿದೆಯೇ ಎಂಬ ಪ್ರಶ್ನೆ. ಕಮಿಷನರು ಎರಡೂ ಕಡೆಯವರಿಗೆ ನೋಟಿಸು ಕೊಟ್ಟು, ಸರ್ವೆಯರನ್ನು ಕರೆದುಕೊಂಡು, ನಕ್ಷೆ ಹಿಡಿದು ತೋಟಕ್ಕೆ ಇಳಿಯಬೇಕು. ಸರಪಳಿ ಎಳೆಯುತ್ತಿದ್ದಂತೆ ಒಂದು ಕಡೆಯವರು ಹಳೆಯ ಬಾಂದು ಕಲ್ಲು ತೋರಿಸುತ್ತಾರೆ, ಇನ್ನೊಂದು ಕಡೆಯವರು ಅದನ್ನು ಮೊನ್ನೆ ತಂದು ನೆಟ್ಟದ್ದೆನ್ನುತ್ತಾರೆ. ಕಲ್ಲಿನ ಬುಡದಲ್ಲಿ ಪಾಚಿ ಇದೆಯೋ ಹೊಸ ಮಣ್ಣಿದೆಯೋ ಎಂದು ಬಗ್ಗಿ ನೋಡಿ ಬರೆದುಕೊಳ್ಳುವುದು ಕಮಿಷನರ ಕೆಲಸ. ಅದು ಯಾರ ಕಲ್ಲೆಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಕಷ್ಟದ ಭಾಗ ಮಧ್ಯಾಹ್ನಕ್ಕೆ ಬರುತ್ತಿತ್ತು. ತೋಟದಿಂದ ಹೋಟೆಲಿಗೆ ಮೈಲುಗಟ್ಟಲೆ ದೂರ, ಎರಡೂ ಮನೆಯವರು ಊಟಕ್ಕೆ ಕರೆಯುತ್ತಾರೆ. ಒಂದು ಮನೆಯಲ್ಲಿ ಕಾಫಿ ಕುಡಿದರೂ ಸಾಕು, ವರದಿಗೆ ಆಕ್ಷೇಪಣೆ ಬರೆಯುವಾಗ ಇನ್ನೊಂದು ಕಡೆಯವರು ಆ ಕಾಫಿಯನ್ನೂ ಸೇರಿಸುತ್ತಿದ್ದರು. ಬುದ್ಧಿವಂತರು ಮನೆಯಿಂದಲೇ ಅವಲಕ್ಕಿ ಕಟ್ಟಿಕೊಂಡು, ನೀರು ಹಿಡಿದುಕೊಂಡು ಹೋಗುತ್ತಿದ್ದರು. ಎರಡೂ ಕಡೆಯವರು ಆಕ್ಷೇಪಣೆ ಹಾಕದ ವರದಿಯೊಂದು ಬಂದರೆ ಆ ಹೆಸರು ಕೋರ್ಟಿನಲ್ಲಿ ನಿಲ್ಲುತ್ತಿತ್ತು. ಮುಂದಿನ ಕಮಿಷನ್ ಅರ್ಜಿಯಲ್ಲಿ ಎರಡೂ ಕಡೆಯ ವಕೀಲರು ತಾವಾಗಿ ಅದೇ ಹೆಸರು ಸೂಚಿಸುತ್ತಿದ್ದರು.

ಪುಸ್ತಕಗಳ ನಂಟೂ ಒಂದಿತ್ತು. ಎಐಆರ್, ಐಎಲ್‌ಆರ್ ಕರ್ನಾಟಕ, ಕರ್ನಾಟಕ ಲಾ ಜರ್ನಲ್‌ಗಳ ತೀರ್ಪು ಸಂಪುಟಗಳನ್ನು ಕೊಳ್ಳುವ ಶಕ್ತಿ ಹೊಸಬರಿಗೆ ಇರುತ್ತಿರಲಿಲ್ಲ. ಬೇರೆ ಆಫೀಸಿಗೆ ಹೋಗಿ ಕೂತು ಓದಬೇಕು, ಇಲ್ಲವೇ ಕಡ ತರಬೇಕು. ವಾದದ ದಿನ ತೀರ್ಪಿನ ಪ್ರತಿಯನ್ನು ಎದುರಿನವರಿಗೆ ಮುಂಚೆಯೇ ಕೊಡುವವರು, ಕೊನೇ ಗಳಿಗೆಯಲ್ಲಿ ಕೋಟಿನೊಳಗಿಂದ ತೆಗೆಯುವವರು ಎಂದು ವಕೀಲರಲ್ಲಿ ಎರಡು ಜಾತಿ. ಎರಡನೆಯವರು ಒಂದೆರಡು ಕೇಸು ಗೆದ್ದಿರಬಹುದು. ಅವರಿಗೆ ಯಾರೂ ಪುಸ್ತಕ ಕಡ ಕೊಡುತ್ತಿರಲಿಲ್ಲ.

ವಕೀಲರ ಒಳಸ್ನೇಹದ ಕೆಟ್ಟ ಮುಖವನ್ನೂ ಹೇಳಬೇಕು. ಒಬ್ಬರಿಗೊಬ್ಬರು ವಾಯಿದೆ ಬಿಟ್ಟುಕೊಡುವುದು ಸೌಜನ್ಯವೆನಿಸಿತ್ತು, ಅದರ ಬೆಲೆಯನ್ನು ಕಕ್ಷಿದಾರರು ತೆರುತ್ತಿದ್ದರು. 2002ರ ಜುಲೈ 1ರಿಂದ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಗಳು ಒಂದು ಕಡೆಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದೆಂದವು, ಮುಖ್ಯ ವಿಚಾರಣೆಯನ್ನು ಪ್ರಮಾಣಪತ್ರದ ಮೂಲಕ ಮಾಡಿದವು. ಅದಕ್ಕೆ ಮೊದಲು ವಕೀಲರು ದೇಶದಾದ್ಯಂತ ಈ ಬದಲಾವಣೆಗಳನ್ನು ವಿರೋಧಿಸಿದ್ದರು. ವಿರೋಧಕ್ಕೆ ಕೊಟ್ಟ ಕಾರಣಗಳಲ್ಲಿ ಕೆಲವು ನಿಜವಾದವು. ಆದರೆ ಹಳೆಯ ಸೌಜನ್ಯ ಕೈತಪ್ಪುತ್ತದೆಂಬ ಅಳುಕೂ ಅವುಗಳ ಕೆಳಗೆ ಇತ್ತೆಂಬುದನ್ನು ತಾಲ್ಲೂಕು ಬಾರ್ ರೂಮಿನಲ್ಲಿ ಕೂತವರು ಬಲ್ಲರು. ಇನ್ನೊಂದು ಕೆಟ್ಟ ನಂಟು ದಲ್ಲಾಳಿಯದು. ಬಸ್ ಸ್ಟ್ಯಾಂಡಿನಲ್ಲಿ ಕಕ್ಷಿದಾರರನ್ನು ಹಿಡಿದು ತಂದು ಫೀಸಿನಲ್ಲಿ ಪಾಲು ಕೇಳುವವರ ಹೆಸರಿನ ಪಟ್ಟಿ ಪ್ರಕಟಿಸುವ ಅಧಿಕಾರ 1879ರ ಕಾಯ್ದೆಯಡಿ ಕೋರ್ಟುಗಳಿಗೆ ಇತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ವಕೀಲರ ಕಾಯ್ದೆಯೊಳಕ್ಕೆ ತಂದಿತು. ದಲ್ಲಾಳಿಯಿಂದ ಶುರುಮಾಡಿದ ಜೂನಿಯರ್‌ಗೆ ಮೊದಲ ವರ್ಷ ಕೈತುಂಬ ಕೇಸು. ಆಮೇಲೆ ದಲ್ಲಾಳಿ ಹೆಚ್ಚು ಪಾಲು ಕೊಡುವ ಇನ್ನೊಬ್ಬರನ್ನು ಕಂಡುಕೊಳ್ಳುತ್ತಿದ್ದ.

ಈ ಬಾಗಿಲುಗಳು ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ. ಹಿರಿಯರ ಆಫೀಸಿಗೆ ಸೇರುವಾಗ ಮನೆತನ, ಜಾತಿ, ಊರಿನ ಕಡೆಯ ನೆಂಟಸ್ತಿಕೆ ಕೆಲಸ ಮಾಡುತ್ತಿದ್ದವು. ಮನೆಯಲ್ಲಿ ಮೊದಲ ಸಲ ಕರಿಕೋಟು ಹಾಕಿದವರು ನಾಲ್ಕಾರು ಆಫೀಸುಗಳ ಮೆಟ್ಟಿಲು ಹತ್ತಿ ಇಳಿಯಬೇಕಿತ್ತು. ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆ ತರಬೇತಿಯ ಅವಧಿಯಲ್ಲಿ ಶಿಷ್ಯವೇತನ ಕೊಡುವ ಯೋಜನೆಯಿಂದ ಕೆಲವರಿಗೆ ಉಸಿರಾಡುವಷ್ಟು ಅವಕಾಶವಾಯಿತು, ಆದರೆ ಆಫೀಸು ಹುಡುಕಿಕೊಳ್ಳುವ ಕಷ್ಟ ಅವರದೇ ಆಗಿತ್ತು. ಮಹಿಳೆಯರು ವಕೀಲರಾಗಲು ಇದ್ದ ಅಡ್ಡಿಯನ್ನು 1923ರ ಕಾಯ್ದೆಯೇ ತೆಗೆದಿತ್ತು. 1990ರ ದಶಕದ ಎಷ್ಟೋ ತಾಲ್ಲೂಕು ಬಾರ್‌ಗಳಲ್ಲಿ ಮಾತ್ರ ಮಹಿಳಾ ವಕೀಲರನ್ನು ಬೆರಳಲ್ಲಿ ಎಣಿಸಬಹುದಿತ್ತು, ಅವರು ಕೂರುವುದಕ್ಕೆ ಪ್ರತ್ಯೇಕ ಕೋಣೆಯಿರಲಿಲ್ಲ. ಸಂಜೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೇಸುಗಳ ಬಗ್ಗೆ ಆಡುವ ಮಾತಿನಲ್ಲಿ ಅವರಿಗೆ ಜಾಗವಿರಲಿಲ್ಲ, ಕಮಿಷನರರ ಹೆಸರು ಸೂಚಿತವಾಗುತ್ತಿದ್ದುದೂ ಅಲ್ಲೇ. ಅವರು ತಮ್ಮ ನಂಟನ್ನು ಬೇರೆ ಕಡೆ ಬೆಳೆಸಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಗೆ ಬಂದಾಗ ಉಚಿತ ಕಾನೂನು ನೆರವಿನ ಕೇಸುಗಳನ್ನು ಹಿಡಿದು, ಹಳ್ಳಿಗಳ ಅರಿವು ಶಿಬಿರಗಳಿಗೆ ಹೋಗಿ, ಜೀವನಾಂಶದ ಅರ್ಜಿಗಳಲ್ಲಿ ಹೆಸರು ಮಾಡಿದವರು ಅವರಲ್ಲಿ ಬಹಳ ಮಂದಿ.

ಆಫೀಸು ಬಿಟ್ಟು ಸ್ವಂತವಾಗಿ ನಿಲ್ಲುವ ಘಟ್ಟ ಮೂರನೆಯದೋ ಐದನೆಯದೋ ವರ್ಷ ಬರುತ್ತಿತ್ತು. ಹೊರಡುವವರು ಹಿರಿಯರ ಕಕ್ಷಿದಾರರನ್ನು ಜೊತೆಗೆ ಎಳೆದುಕೊಂಡು ಹೋದರೆ ಊರಲ್ಲಿ ಅದು ದೊಡ್ಡ ಸುದ್ದಿ. ಕಕ್ಷಿದಾರರೇ ಬಂದು ಕರೆದರೂ, ಮೊದಲು ಸೀನಿಯರ್ ಒಪ್ಪಿಗೆಯ ಸಹಿ ತನ್ನಿ ಎಂದು ಕಳಿಸುವುದು ಮರ್ಯಾದೆಯ ದಾರಿಯಾಗಿತ್ತು. ಹಾಗೆ ಹೊರಬಂದವರ ಪಾಲಿಗೆ ಹಳೆಯ ಆಫೀಸಿನ ಪುಸ್ತಕಗಳ ಕಪಾಟು ತೆರೆದೇ ಇರುತ್ತಿತ್ತು, ಎದುರಾಳಿಯಾಗಿ ನಿಂತ ಕೇಸಿನಲ್ಲಿ ಕೂಡ.

ಈಗ ವಾಯಿದೆ ತಿಳಿಯಲು ಬೆಂಚ್ ಕ್ಲರ್ಕಿನ ಹತ್ತಿರ ಹೋಗಬೇಕಿಲ್ಲ. ಇ-ಕೋರ್ಟ್ಸ್ ಯೋಜನೆ ಬಂದ ಮೇಲೆ ಕೇಸಿನ ಹಂತ, ಆದೇಶ, ಮುಂದಿನ ದಿನಾಂಕ ಮೊಬೈಲಿನಲ್ಲೇ ಸಿಗುತ್ತವೆ. 2008ರಲ್ಲಿ 36ನೆಯ ನಿಯಮ ತುಸು ಸಡಿಲಗೊಂಡು, ಹೆಸರು, ವಿಳಾಸ, ಓದು, ವೃತ್ತಿಯ ಕ್ಷೇತ್ರದಂಥ ನಿಗದಿತ ವಿವರಗಳ ವೆಬ್‌ಸೈಟನ್ನು ವಕೀಲರು ಇಟ್ಟುಕೊಳ್ಳಬಹುದೆಂದಾಯಿತು. ತೀರ್ಪುಗಳಿಗಾಗಿ ಯಾರ ಕಪಾಟನ್ನೂ ತೆರೆಯಬೇಕಿಲ್ಲ. ಕಮಿಷನರ ಹೆಸರು ಸೂಚಿಸುವುದು, ವಜಾ ಆದ ದಾವೆಗೆ ತಕರಾರಿಲ್ಲ ಎನ್ನುವುದು, ಪಾಲು ದಾವೆಯ ನಾಲ್ಕನೆಯ ಪ್ರತಿವಾದಿಯನ್ನು ಯಾರ ಹತ್ತಿರ ಕಳಿಸಬೇಕೆಂದು ಯೋಚಿಸುವುದು ಇವು ಮಾತ್ರ ಈಗಲೂ ಬಾರ್ ರೂಮಿನ ಕುರ್ಚಿಗಳ ನಡುವೆಯೇ ತೀರ್ಮಾನವಾಗುತ್ತವೆ.